ಗಂಗಾಳದ ಮುಂದೆ ಕೇಳುವ ದನಿ

ವಿಜಯಪುರದ ಸೀಮೆಯಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು "ಊಟ ಆತೇನ್ರಿ?" ಎಂಬುದು. ಆಗಿದೆ ಎಂದರೂ ಬಿಡುವ ಪದ್ಧತಿಯಿಲ್ಲ. ಬಿಳಿಜೋಳದ ರೊಟ್ಟಿ, ಎಣಗಾಯಿ, ಶೇಂಗಾದ ಹಿಂಡಿ, ಗಟ್ಟಿ ಮೊಸರು ಇಷ್ಟಾದರೂ ಗಂಗಾಳದಲ್ಲಿ ಬಂದೇ ತೀರಬೇಕು. ಉಣಿಸುವುದೇ ಅಕ್ಕರೆಯೆಂದು ತಿಳಿದಿರುವ ಇಂತಹ ನಾಡಿನಲ್ಲಿ ಮನೆಯ ಮಗಳೇ ಗಂಗಾಳವನ್ನು ಹಿಂದಕ್ಕೆ ಸರಿಸಿ ಎದ್ದುಹೋದರೆ ಇಡೀ ಮನೆ ಕಂಗೆಡುತ್ತದೆ. ಅಜ್ಜಿ ದೃಷ್ಟಿ ತಗುಲಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ತಂದೆ ಪರೀಕ್ಷೆಯ ಚಿಂತೆಯೆಂದು ಸಮಾಧಾನ ಪಡುತ್ತಾನೆ. ತಾಯಿ ತನ್ನ ಕೈಯಡಿಗೆಯಲ್ಲಿ ಏನು ಕೊರತೆಯಾಯಿತೋ ಎಂದು ಮರುಗುತ್ತಾಳೆ. ಇವರಲ್ಲಿ ಯಾರೊಬ್ಬರಿಗೂ ಹೊಳೆಯದ ಒಂದು ಕಾರಣವುಂಟು. ಹುಡುಗಿಯ ಒಳಗೆ ಒಂದು ದನಿ ಕುಳಿತು, ಉಣ್ಣಬೇಡವೆಂದು ಅಪ್ಪಣೆ ಮಾಡುತ್ತಿರಬಹುದು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆಗೆ ಬಬಲೇಶ್ವರದಲ್ಲಿ ಹೊಲ. ಮಗಳು ವಿಜಯಪುರದ ವಸತಿಗೃಹದಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಓದಿನಲ್ಲಿ ಮುಂದು, ನಡತೆಯಲ್ಲಿ ಅಚ್ಚುಕಟ್ಟು, ಯಾರಿಂದಲೂ ಒಂದು ಮಾತು ಕೇಳಿಸಿಕೊಂಡವಳಲ್ಲ. ರಜೆಗೆ ಊರಿಗೆ ಬಂದಾಗ ಮೈ ಇಳಿದಿದೆ, ಮುಖ ಬಾಡಿದೆ. ತಾಯಿ "ಯಾಕ ಉಣ್ಣವಲ್ಲಿ?" ಎಂದು ಕೇಳಿದರೆ "ಹಸಿವಿಲ್ಲ" ಎನ್ನುತ್ತಾಳೆ. ಆದರೆ ಹಸಿವು ಇಲ್ಲದೆ ಇಲ್ಲ. ರೊಟ್ಟಿ ಮುರಿದೊಡನೆ ಒಳಗಿನ ದನಿ ಮೊದಲಾಗುತ್ತದೆ: "ಅಷ್ಟು ಯಾಕ ತಿಂತಿ? ಇವತ್ತೂ ಸೋತಿ ನೋಡ. ನಿನ್ನ ಕೈಲೆ ಏನೂ ಆಗಂಗಿಲ್ಲ." ಉಣ್ಣದೆ ಎದ್ದಾಗ ಅದೇ ದನಿ ಬೆನ್ನು ತಟ್ಟುತ್ತದೆ: "ಶಹಬ್ಬಾಸ್! ನಿನ್ನಂಥಾಕಿ ಯಾರೂ ಇಲ್ಲ." ಬೈಯುವುದೂ ಅದೇ, ಹೊಗಳುವುದೂ ಅದೇ. ಹೀಗಿರುವಾಗ ತಾಯಿಯ ಮಾತು ನಾಟುವುದಾದರೂ ಹೇಗೆ?

ಈ ಹುಡುಗಿ ಕಲ್ಪನೆಯವಳು. ಆದರೆ ಅವಳನ್ನು ಕಾಡುವ ರೋಗ ಕಲ್ಪನೆಯದಲ್ಲ. ವೈದ್ಯರು ಅದನ್ನು ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ.

ಹೆಸರಿನ ಕಥೆ

ಅನೊರೆಕ್ಸಿಯಾ ಎಂಬುದು ಗ್ರೀಕ್ ಮೂಲದ ಶಬ್ದ. ಹಸಿವಿಲ್ಲದಿರುವುದು ಎಂದು ಅದರ ಅರ್ಥ. ಹೆಸರೇ ತಪ್ಪೆಂದು ಹೇಳಬೇಕು. ಈ ರೋಗದಲ್ಲಿ ಹಸಿವು ಬಹುಕಾಲ ಇದ್ದೇ ಇರುತ್ತದೆ. ಅದನ್ನು ಗೆದ್ದೆನೆಂಬ ಛಲ ಮೇಲೆ ಕುಳಿತಿರುತ್ತದೆ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಮತ್ತು ಪ್ಯಾರಿಸಿನ ವೈದ್ಯ ಶಾರ್ಲ್ ಲಾಸೆಗ್ ಇಬ್ಬರೂ ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ಗಲ್‌ನ ದೃಷ್ಟಿ ಹೆಚ್ಚಾಗಿ ದೇಹದ ಮೇಲೆ. ನಾಡಿ, ಉಸಿರು, ತೂಕ ಮುಂತಾದುವನ್ನು ಅವನು ಬರೆದಿಟ್ಟನು. ಲಾಸೆಗ್ ಮನೆಯವರನ್ನೂ ಕಣ್ಣಿಟ್ಟು ನೋಡಿದನು. ಮನೆಯವರ ಬಳಿ ಇರುವವು ಎರಡೇ ಉಪಾಯಗಳು, ಅಂಗಲಾಚುವುದು ಮತ್ತು ಬೆದರಿಸುವುದು. ಎರಡೂ ನಿಷ್ಫಲವಾಗುತ್ತವೆ ಎಂಬುದು ಅವನು ಕಂಡ ಸಂಗತಿ. ನೂರೈವತ್ತು ವರ್ಷಗಳಾದರೂ ಆ ಎರಡು ಉಪಾಯಗಳೇ ಇಂದಿಗೂ ಮನೆಮನೆಗಳಲ್ಲಿ ನಡೆಯುತ್ತಿವೆ.

ವ್ರತಕ್ಕೂ ಈ ರೋಗಕ್ಕೂ ಗೊಂದಲ ಮಾಡಿಕೊಳ್ಳಬಾರದು. ಶಿವರಾತ್ರಿಯ ಉಪವಾಸ, ಏಕಾದಶಿ, ರಂಜಾನ್ ತಿಂಗಳಿನ ರೋಜಾ ಇವೆಲ್ಲ ಈ ಊರಿನ ಬೀದಿಬೀದಿಗಳಿಗೂ ಪರಿಚಿತವಾದುವು. ವ್ರತಕ್ಕೆ ಮೊದಲುಂಟು, ಕೊನೆಯುಂಟು. ಪಾರಣೆಯೆಂಬುದುಂಟು, ಇಫ್ತಾರ್ ಎಂಬುದುಂಟು. ಉಪವಾಸ ಮುರಿಯುವ ಹೊತ್ತಿಗೆ ನಾಲ್ಕು ಜನ ಕೂಡುತ್ತಾರೆ, ಮನಸ್ಸು ಹಗುರವಾಗುತ್ತದೆ. ರೋಗದ ಉಪವಾಸಕ್ಕೆ ಪಾರಣೆಯೇ ಇಲ್ಲ. ಅದು ಒಂಟಿಯಾಗಿ, ಗುಟ್ಟಾಗಿ, ಸುಳ್ಳುಹೇಳಿಸಿಕೊಂಡು ನಡೆಯುತ್ತದೆ. ಎಷ್ಟು ಬಿಟ್ಟರೂ ದನಿಗೆ ತೃಪ್ತಿಯಿಲ್ಲ. ವ್ರತದ ಹೆಸರು ಹೇಳಿ ರೋಗ ಅಡಗಿಕೊಳ್ಳುವುದೂ ಉಂಟು. ವಾರಕ್ಕೊಂದಿದ್ದ ಉಪವಾಸ ನಾಲ್ಕಾದರೆ, ಪಾರಣೆಯ ದಿನವೂ ಗಂಗಾಳ ಹಾಗೆಯೇ ಉಳಿದರೆ, ಹಿರಿಯರು ಎಚ್ಚರಗೊಳ್ಳಬೇಕು.

ತಕ್ಕಡಿ ಹೇಳದಿರುವ ಮಾತು

ಬಹುಕಾಲ ಈ ರೋಗಕ್ಕೆ ಇದ್ದ ಅಳತೆಗೋಲು ತಕ್ಕಡಿಯೊಂದೇ. ತೂಕ ಇಳಿದರೆ ರೋಗ ಏರಿತು, ತೂಕ ಏರಿದರೆ ರೋಗ ಇಳಿಯಿತು ಎಂಬ ಲೆಕ್ಕ. ತೂಕವನ್ನು ಕಡೆಗಣಿಸುವಂತಿಲ್ಲ, ಜೀವ ಉಳಿಯುವುದು ಅದರ ಮೇಲೆಯೇ. ಆದರೆ ಆಸ್ಪತ್ರೆಯಲ್ಲಿ ತೂಕ ತುಂಬಿಕೊಂಡು ಮನೆಗೆ ಬಂದವರು ಕೆಲವೇ ತಿಂಗಳುಗಳಲ್ಲಿ ಮತ್ತೆ ಕೃಶರಾಗುವುದನ್ನು ವೈದ್ಯರು ಕಂಡರು. ದೇಹ ತುಂಬಿತ್ತು; ಒಳಗಿನ ದನಿ ಮಾತ್ರ ಮೊದಲಿನಂತೆಯೇ ಆಳುತ್ತಿತ್ತು.

ಟಿಕೋಟಾದ ದ್ರಾಕ್ಷಿಯ ಬೆಳೆಗಾರನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗೊಂಚಲು ತೂಕವಾಗಿದೆಯೆಂದು ಅವನು ಕೊಯ್ಲಿಗೆ ಇಳಿಯುವುದಿಲ್ಲ. ಒಂದು ಹಣ್ಣನ್ನು ಹಿಂಡಿ ಅದರ ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಇಟ್ಟು, ಬೆಳಕಿಗೆ ಹಿಡಿದು, ಒಳಗೆ ಸಕ್ಕರೆ ಎಷ್ಟಾಗಿದೆಯೆಂದು ನೋಡುತ್ತಾನೆ. ಹೊರಗಿನ ತೂಕ ಒಂದು, ಒಳಗಿನ ಪಾಕ ಇನ್ನೊಂದು. ಮನುಷ್ಯನ ಒಳಗಿನ ದನಿಗೂ ಅಂತಹ ಒಂದು ಗಾಜು ಬೇಕಾಗಿತ್ತು.

ದನಿಯನ್ನು ಅಳೆಯುವುದು ಹೇಗೆಂಬ ಪ್ರಶ್ನೆಗೆ ಮೊದಲು, ಅದು ಎಂತಹ ದನಿಯೆಂದು ತಿಳಿಯಬೇಕು. ಇದು ಕಿವಿಗೆ ಕೇಳುವ ದನಿಯಲ್ಲ. ಹೊರಗೆ ಯಾರೋ ಕರೆದರೆಂದು ರೋಗಿ ತಿರುಗಿ ನೋಡುವುದಿಲ್ಲ. ಅದು ತನ್ನ ತಲೆಯೊಳಗಿನದೇ ಎಂದು ಅವಳಿಗೆ ಗೊತ್ತು. ಆದರೂ ತನ್ನಿಂದ ಬೇರೆಯಾದ ಒಬ್ಬರು ಆಡಿದಂತೆ ಅದು ಆಡುತ್ತದೆ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತವರಿಗೆ ಈ ಸ್ಥಿತಿಯ ಒಂದು ಛಾಯೆ ಸಿಕ್ಕೀತು. ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತು ಸುಮಾರು 38 ಮೀಟರ್ ಆಚೆಗೆ ಸ್ಪಷ್ಟವಾಗಿ ಕೇಳುತ್ತದೆ. ಒಂದು ಚಪ್ಪಾಳೆ ಹತ್ತಾರು ಕೈಗಳದೆಂಬಂತೆ ಮರುಕಳಿಸುತ್ತದೆ. ತನ್ನದೇ ಉಸಿರು ಪರರ ಗರ್ಜನೆಯಾಗಿ ಹಿಂದಿರುಗುತ್ತದೆ. ಅಷ್ಟು ಮಾತ್ರ ಹೋಲಿಕೆ. ಗುಮ್ಮಟದ ಪ್ರತಿಧ್ವನಿ ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ. ರೋಗದ ದನಿ ದಿನದಿನಕ್ಕೆ ಬಲಿಯುತ್ತದೆ.

ಗೆಳತಿಯೋ ಹಗೆಯೋ?

ಈ ದಿಕ್ಕಿನಲ್ಲಿ ಮೊದಲ ಸುಳಿವು ದೊರೆತದ್ದು ಪತ್ರಗಳಿಂದ. ಲಂಡನ್ನಿನಲ್ಲಿ ಲೂಸಿ ಸರ್ಪೆಲ್, ಜ್ಯಾನೆಟ್ ಟ್ರೆಷರ್ ಮತ್ತು ಸಂಗಡಿಗರು ತಮ್ಮ ರೋಗಿಗಳಿಂದ ಎರಡೆರಡು ಕಾಗದಗಳನ್ನು ಬರೆಸಿದರು. ಒಂದು ರೋಗವನ್ನು ಗೆಳತಿಯೆಂದು ಭಾವಿಸಿ, ಇನ್ನೊಂದು ಅದನ್ನೇ ಹಗೆಯೆಂದು ಭಾವಿಸಿ. 1999ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ರೋಗ ತನ್ನನ್ನು ಕಾಪಾಡುತ್ತದೆ, ಹಿಡಿತದಲ್ಲಿಡುತ್ತದೆ, ತಾನು ವಿಶೇಷವೆನಿಸುವಂತೆ ಮಾಡುತ್ತದೆ ಎಂಬ ಕೃತಜ್ಞತೆ ಒಂದು ಕಡೆ. ಬಾಳನ್ನೇ ಕಸಿದುಕೊಂಡಿತೆಂಬ ರೋಷ ಮತ್ತೊಂದು ಕಡೆ. ಬಿಡಿಸಿಕೊಳ್ಳುವುದು ಏಕೆ ಇಷ್ಟು ಕಷ್ಟವೆಂಬುದಕ್ಕೆ ಅಲ್ಲಿ ಉತ್ತರವಿತ್ತು. ಹಗೆಯನ್ನು ಓಡಿಸಬಹುದು, ಗೆಳತಿಯೂ ಆಗಿರುವ ಹಗೆಯನ್ನು ಓಡಿಸುವುದು ಹೇಗೆ? 2010ರಲ್ಲಿ ಸ್ಟೆಫನಿ ಟಿಯರ್ನಿ ಮತ್ತು ಜಾನ್ ಫಾಕ್ಸ್ ಎಂಬವರು ರೋಗಿಗಳ ಬರಹಗಳನ್ನೇ ಪರಿಶೀಲಿಸಿ, ಮೊದಲು ಸಖಿಯಂತೆ ಬರುವ ದನಿ ಕ್ರಮೇಣ ಒಡತಿಯಾಗುವ ಬಗೆಯನ್ನು ತೋರಿಸಿದರು. 2014ರಲ್ಲಿ ಹಾಲೆಂಡಿನ ಗ್ರೆಟಾ ನೂರ್ಡೆನ್‌ಬೋಸ್ ಮತ್ತು ಸಂಗಡಿಗರು, ಊಟದ ರೋಗಗಳುಳ್ಳವರಲ್ಲಿ ಇಂತಹ ನಿಂದಕ ದನಿ ಆರೋಗ್ಯವಂತರಿಗಿಂತ ಬಹಳ ಹೆಚ್ಚೆಂದೂ ಆತ್ಮಗೌರವದ ಕುಂದಿನೊಡನೆ ಅದಕ್ಕೆ ನಂಟುಂಟೆಂದೂ ಕಂಡರು.

ಅಳತೆಗೋಲು ಮಾತ್ರ ಬೇರೆ ಕಡೆಯಿಂದ ಸಾಲವಾಗಿ ಬಂದಿತು. ಕಿವಿಗೇ ದನಿಗಳು ಕೇಳುವ ಮನೋರೋಗಿಗಳಿಗಾಗಿ ಪಾಲ್ ಚಾಡ್ವಿಕ್, ಮ್ಯಾಕ್ಸ್ ಬರ್ಚ್‌ವುಡ್ ಮೊದಲಾದವರು ಒಂದು ಪ್ರಶ್ನಾವಳಿಯನ್ನು ರಚಿಸಿದ್ದರು; 2000ದಲ್ಲಿ ತಿದ್ದಿದ ರೂಪದಲ್ಲಿ ಅದರಲ್ಲಿ 35 ಹೇಳಿಕೆಗಳಿವೆ. ದನಿ ಹಿತ ಬಯಸುತ್ತದೆಯೋ ಕೇಡು ಬಯಸುತ್ತದೆಯೋ, ಅದಕ್ಕೆ ಎಲ್ಲವೂ ಗೊತ್ತೆಂದು, ಎಲ್ಲವನ್ನೂ ಮಾಡಬಲ್ಲದೆಂದು ತೋರುತ್ತದೆಯೋ, ರೋಗಿ ಅದರೊಡನೆ ಕೂಡಿಕೊಳ್ಳುತ್ತಾನೋ ಅಥವಾ ಅದನ್ನು ಎದುರಿಸುತ್ತಾನೋ ಎಂಬುದು ಅವುಗಳ ಸಾರ. ಅದರ ಜೊತೆಗೆ ಇನ್ನೊಂದು ಕಿರಿಯ ಅಳತೆಯುಂಟು. ದನಿ ಮೇಲೋ ತಾನು ಮೇಲೋ ಎಂಬುದನ್ನು ಐದು ಮೆಟ್ಟಿಲುಗಳಲ್ಲಿ ಗುರುತು ಹಾಕಿಸುವುದು ಅದರ ಕ್ರಮ. ಈ ಎರಡು ಅಳತೆಗಳನ್ನೂ ಮ್ಯಾಥ್ಯೂ ಪ್ಯೂ ಮತ್ತು ಗ್ಲೆನ್ ವಾಲರ್ ಎಂಬ ಇಂಗ್ಲೆಂಡಿನ ಮನೋವಿಜ್ಞಾನಿಗಳು ಅನೊರೆಕ್ಸಿಯಾದ ರೋಗಿಗಳಿಗೆ ಅನ್ವಯಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದನಿಯ ಬಲಕ್ಕೂ ರೋಗದ ಉಗ್ರತೆಗೂ ಸಂಬಂಧವಿರುವುದು ಕಂಡುಬಂದಿತು. ಈಚಿನ ವರ್ಷಗಳಲ್ಲಿ ಈ ರೋಗದ ದನಿಗೆಂದೇ ಪ್ರತ್ಯೇಕವಾದ ಪ್ರಶ್ನಾವಳಿಯೂ ಇಂಗ್ಲಿಷಿನಲ್ಲಿ ಸಿದ್ಧವಾಗಿದೆ.

ಅಂಕೆಯಿಂದ ರೋಗಿಗೇನು ಲಾಭವೆಂದು ಯಾರಾದರೂ ಕೇಳಬಹುದು. ಲಾಭ ಎರಡು ಬಗೆಯದು. ಮೊದಲನೆಯದು ವೈದ್ಯರಿಗೆ: ತೂಕ ಏರಿದ್ದರೂ ದನಿಯ ಬಲ ಇಳಿದಿಲ್ಲವೆಂದು ಕಂಡರೆ, ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬಾರದೆಂದು ಅವರು ಅರಿಯುತ್ತಾರೆ. ಎರಡನೆಯದು ರೋಗಿಗೆ: "ದನಿ ಮೇಲೋ, ನೀನು ಮೇಲೋ?" ಎಂಬ ಪ್ರಶ್ನೆಯನ್ನು ಓದಿದ ಕ್ಷಣದಲ್ಲಿಯೇ, ದನಿ ಬೇರೆ, ತಾನು ಬೇರೆ ಎಂಬ ಅರಿವು ಮೊಳೆಯಲು ಎಡೆಯಾಗುತ್ತದೆ. ಅಷ್ಟು ದಿನವೂ "ನಾನು ಕೆಟ್ಟವಳು" ಎಂದುಕೊಂಡಿದ್ದವಳು "ನನ್ನನ್ನು ಕೆಟ್ಟವಳೆಂದು ಒಂದು ದನಿ ಹೇಳುತ್ತಿದೆ" ಎನ್ನಬಲ್ಲಳು. ಎರಡು ವಾಕ್ಯಗಳ ನಡುವಿನ ಆ ಸಂದಿಯಲ್ಲಿಯೇ ಚಿಕಿತ್ಸೆಗೆ ಕಾಲಿಡಲು ಸ್ಥಳ ಸಿಕ್ಕುತ್ತದೆ. ಅಂಕೆಗಳಲ್ಲಿಯೇ ಮುಳುಗಿರುವ ರೋಗಿಗೆ ಇದೂ ಇನ್ನೊಂದು ಪಂದ್ಯವಾಗಬಾರದಾದ್ದರಿಂದ, ಈ ಪ್ರಶ್ನೆಗಳನ್ನು ಮನೆಯಲ್ಲಿ ಕೇಳಿ ಅಂಕೆ ಹಾಕುವುದು ತರವಲ್ಲ. ತಿಳಿದವರ ಎದುರಿನಲ್ಲಿಯೇ ಆಗಬೇಕು.

ಆ ದನಿ ಆಡುವ ಭಾಷೆ

ಇದು ಸಿರಿವಂತ ದೇಶಗಳ ರೋಗ, ನಮ್ಮಲ್ಲಿಲ್ಲವೆಂಬ ನಂಬಿಕೆ ಬಹುದಿನ ಇದ್ದಿತು. 2012ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪ್ರಭಾ ಎಸ್. ಚಂದ್ರ ಮತ್ತು ಸಂಗಡಿಗರು ಆ ನಗರದ 66 ಮನೋವೈದ್ಯರನ್ನು ವಿಚಾರಿಸಿದ ವರದಿ ಹೊರಬಂದಿತು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಊಟದ ರೋಗವುಳ್ಳ ಒಬ್ಬರನ್ನಾದರೂ ನೋಡಿದ್ದರು. 2018ರಲ್ಲಿ ಮೈಸೂರಿನ 1600 ವಿದ್ಯಾರ್ಥಿಗಳ ಪರೀಕ್ಷೆಯ ಫಲ ಪ್ರಕಟವಾದಾಗ, ಸುಮಾರು ಕಾಲುಭಾಗದವರಲ್ಲಿ ಊಟದ ವಿಷಯವಾಗಿ ಕಳವಳಕಾರಿಯಾದ ಮನೋಭಾವ ಕಂಡಿತು. ಇದು ಜರಡಿ ಹಿಡಿದು ಬಂದ ಲೆಕ್ಕ. ಇವರೆಲ್ಲರೂ ರೋಗಿಗಳೆಂದು ಅರ್ಥವಲ್ಲ. ಆದರೆ ಇದು ನಮ್ಮ ಮನೆಯ ಮಾತಲ್ಲವೆಂದು ಇನ್ನು ಕೈಕೊಡವಿಕೊಳ್ಳುವಂತಿಲ್ಲ. ಗಂಡುಹುಡುಗರಲ್ಲಿ ವಿರಳವಾದರೂ ಇದು ಇಲ್ಲದೆ ಇಲ್ಲ.

ಆದರೆ ಪಶ್ಚಿಮದ ಅಳತೆಗೋಲನ್ನು ಹಾಗೆಯೇ ತಂದು ಇಲ್ಲಿ ಹಚ್ಚಿದರೆ ಅಳತೆ ತಪ್ಪುತ್ತದೆ. 1993ರಲ್ಲಿ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ಮತ್ತು ಸಂಗಡಿಗರು ವರ್ಣಿಸಿದ 70 ರೋಗಿಗಳಲ್ಲಿ 41 ಮಂದಿಗೆ ದಪ್ಪವಾಗುವೆನೆಂಬ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ರುಚಿಯಿಲ್ಲ ಇತ್ಯಾದಿ ಬೇರೆ ಕಾರಣಗಳನ್ನು ಅವರು ಹೇಳುತ್ತಿದ್ದರು. 1995ರಲ್ಲಿ ಎಸ್.ಕೆ. ಖಂಡೇಲವಾಲ್ ಮೊದಲಾದ ಭಾರತೀಯ ಮನೋವೈದ್ಯರು ವರದಿ ಮಾಡಿದ ಐವರು ತರುಣಿಯರೂ ಹೀಗೆಯೇ. ಊಟ ಬಿಟ್ಟಿದ್ದರು, ಕೃಶರಾಗಿದ್ದರು. ಆದರೆ ತಮ್ಮ ರೂಪದ ವಿಷಯವಾಗಿ ಪಶ್ಚಿಮದ ರೋಗಿಗಳಲ್ಲಿರುವಂತಹ ಭ್ರಮೆ ಅವರಿಗಿರಲಿಲ್ಲ. ಎಂದ ಮೇಲೆ, ಇಲ್ಲಿಯ ಹುಡುಗಿಯ ಒಳದನಿ "ನೀನು ದಪ್ಪ" ಎಂದೇ ಬೈಯಬೇಕೆಂದೇನೂ ಇಲ್ಲ. "ನಿನಗ ಉಣ್ಣೋ ಯೋಗ್ಯತಾ ಇಲ್ಲ", "ಮನ್ಯಾಗ ನೀ ಭಾರ" ಎಂದೂ ಅದು ಬೈಯಬಹುದು. ಪ್ರಶ್ನಾವಳಿಯಲ್ಲಿ ದಪ್ಪದ ಮಾತೊಂದೇ ಇದ್ದರೆ, ಅವಳು "ಇಲ್ಲ" ಎಂದು ಬರೆದು ಎದ್ದುಹೋಗುತ್ತಾಳೆ. ಅವಳಿಗೆ ರೋಗವಿಲ್ಲವೆಂದು ಕಾಗದ ಸಾಕ್ಷಿ ನುಡಿಯುತ್ತದೆ.

ಭಾಷಾಂತರದ ತೊಡಕು ಎಂತಹುದೆಂಬುದಕ್ಕೆ ಒಂದು ಉದಾಹರಣೆ ಸಾಕು. 1999ರಲ್ಲಿ ಇಂಗ್ಲೆಂಡಿನಲ್ಲಿ ರಚಿತವಾದ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪರೀಕ್ಷೆ ಬಹು ಪ್ರಸಿದ್ಧವಾದುದು. ಎರಡಕ್ಕೆ ಹೌದೆಂದರೆ ವೈದ್ಯರು ಮುಂದೆ ವಿಚಾರಿಸಬೇಕು. ಐದು ಇಂಗ್ಲಿಷ್ ಶಬ್ದಗಳ ಮೊದಲ ಅಕ್ಷರಗಳಿಂದ ಆ ಹೆಸರಾಗಿದೆ. ಕನ್ನಡಕ್ಕೆ ಬಂದೊಡನೆ ಹೆಸರಿನ ಚಮತ್ಕಾರ ಹಾರಿಹೋಗುತ್ತದೆ. ಅದರಲ್ಲೊಂದು ಪ್ರಶ್ನೆ, ಮೂರು ತಿಂಗಳಲ್ಲಿ ಒಂದು ಸ್ಟೋನ್‌ಗಿಂತ ಹೆಚ್ಚು ತೂಕ ಇಳಿದಿದೆಯೇ ಎಂಬುದು. ಸ್ಟೋನ್ ಎಂದರೆ ಇಂಗ್ಲೆಂಡಿನ ತೂಕ, 14 ಪೌಂಡು, ಅಂದರೆ 6 ಕಿಲೋಗ್ರಾಮಿಗಿಂತ ತುಸು ಹೆಚ್ಚು. ಟಿಕೋಟಾದ ಹುಡುಗಿಗೆ ಆ ಕಲ್ಲಿನ ಲೆಕ್ಕವೆಲ್ಲಿ ತಿಳಿಯಬೇಕು? ತೂಕವನ್ನಾದರೂ ಕಿಲೋಗ್ರಾಮಿಗೆ ತಿರುಗಿಸಬಹುದು. ದನಿಯನ್ನು ತಿರುಗಿಸುವುದು ಅಷ್ಟು ಸುಲಭವಲ್ಲ. ಒಳಗಿನ ನಿಂದಕ ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ, ಪುಸ್ತಕದ ಕನ್ನಡದಲ್ಲಿಯೂ ಮಾತಾಡುವುದಿಲ್ಲ. ಎಳೆತನದಲ್ಲಿ ಬೈಗಳನ್ನು ಕೇಳಿದ ಭಾಷೆಯಲ್ಲಿಯೇ ಅದು ಬೈಯುತ್ತದೆ. ಈ ಸೀಮೆಯಲ್ಲಿ ಅದು ವಿಜಯಪುರದ ಕನ್ನಡ. ಕೆಲವು ಮನೆಗಳಲ್ಲಿ ಉರ್ದು, ಮರಾಠಿ, ಲಂಬಾಣಿ.

ಶಾಸ್ತ್ರೀಯವಾದ ಕ್ರಮ ಇದಕ್ಕೆ ಇಲ್ಲದಿಲ್ಲ. ಒಬ್ಬರು ಪ್ರಶ್ನೆಗಳನ್ನು ಕನ್ನಡಕ್ಕೆ ತರಬೇಕು, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಎರಡನ್ನೂ ಹೋಲಿಸಬೇಕು, ಹತ್ತಾರು ಜನರಿಗೆ ಓದಿಸಿ, ಅವರಿಗೆ ಅರ್ಥವಾದುದೇನೆಂದು ಕೇಳಬೇಕು. ಕೆಲವು ವಾರಗಳ ಅಂತರದಲ್ಲಿ ಅದೇ ಮನುಷ್ಯರಿಗೆ ಕೊಟ್ಟು, ಉತ್ತರ ನಿಲ್ಲುತ್ತದೆಯೇ ಎಂದು ನೋಡಬೇಕು. ಇಂದು ಒಂದು, ನಾಳೆ ಒಂದು ತೋರಿಸುವ ತಕ್ಕಡಿ ಯಾವ ಅಂಗಡಿಯಲ್ಲಿಯೂ ನಡೆಯದು. ಎಲ್ಲಕ್ಕಿಂತ ಮೊದಲು, ರೋಗವನ್ನು ಉಂಡವರನ್ನೇ ಕೂರಿಸಿಕೊಂಡು ಅವರ ದನಿಯ ನುಡಿಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಟಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿಯ ಬಳಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ನಗರದಲ್ಲಿ ವೈದ್ಯಕೀಯ ಕಾಲೇಜಿದೆ. ಹಳ್ಳಿಯ ತರುಣಿಯರ ಮಾತನ್ನು ಬಲ್ಲವರೂ ರೋಗವನ್ನು ಬಲ್ಲವರೂ ಹತ್ತಿರ ಹತ್ತಿರದಲ್ಲಿಯೇ ಇರುವ ಇಂತಹ ಊರು ಈ ಕೆಲಸಕ್ಕೆ ತಕ್ಕುದಾದುದು.

ಮನೆಯವರು ಮಾಡಬೇಕಾದದ್ದು

ಅಳತೆಗೋಲು ಬರುವವರೆಗೆ ಮನೆ ಕೈಕಟ್ಟಿ ಕೂರಬೇಕಾಗಿಲ್ಲ. ಇದು ಹುಡುಗಾಟದ ರೋಗವಲ್ಲ. ಮನೋರೋಗಗಳಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುವವುಗಳಲ್ಲಿ ಇದು ಒಂದು. 2011ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಸಾವಿಗೀಡಾದ ರೋಗಿಗಳಲ್ಲಿ ಐವರಲ್ಲೊಬ್ಬರು ಆತ್ಮಹತ್ಯೆಯಿಂದ ಸತ್ತುದು ಕಂಡುಬಂದಿತು. ಆದುದರಿಂದ "ತಾನಾಗಿಯೇ ಸರಿಹೋದೀತು" ಎಂಬ ಮಾತು ಬೇಡ. ತೂಕ ಬೇಗಬೇಗನೆ ಇಳಿಯುವುದು, ಮುಟ್ಟು ನಿಲ್ಲುವುದು, ತಲೆ ಸುತ್ತುವುದು, ಮನೆಯವರೊಡನೆ ಕೂತು ಉಣ್ಣಲು ಒಲ್ಲೆನೆನ್ನುವುದು ಕಂಡರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಹು ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದೂ ಅಪಾಯ. ರಕ್ತದಲ್ಲಿಯ ಫಾಸ್ಫೇಟು ಮೊದಲಾದ ಲವಣಗಳು ಕುಸಿದು ಹೃದಯಕ್ಕೆ ಕುತ್ತು ಬರಬಹುದು. ಎಷ್ಟು, ಹೇಗೆ ಉಣಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು.

ತಾಯಿ ತನ್ನನ್ನು ತಾನು ಹಳಿದುಕೊಳ್ಳುವುದು ನಿಷ್ಕಾರಣ. ಹುಟ್ಟುಗುಣ, ರಕ್ತದ ನಂಟು, ಸುತ್ತಲಿನವರ ಮಾತು, ಹಸಿವು ತಾನೇ ಮಾಡುವ ಕೇಡು, ಹೀಗೆ ಹಲವು ಎಳೆಗಳಿಂದ ಈ ರೋಗದ ಹಗ್ಗ ಹೊಸೆದಿದೆ. ಹಸಿವು ಮನಸ್ಸನ್ನು ಎಷ್ಟು ಕೆಡಿಸುತ್ತದೆಂಬುದಕ್ಕೆ ಅಮೆರಿಕದ ಮಿನೆಸೋಟಾದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಸಾಕ್ಷಿ. ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿಟ್ಟಾಗ ಅವರು ಕುಗ್ಗಿದರು, ಸಿಡುಕಿದರು, ಹಗಲಿರುಳೂ ಊಟವನ್ನೇ ನೆನೆದರು. ಎಂದ ಮೇಲೆ, ಅನ್ನವೇ ಇಲ್ಲಿ ಮೊದಲ ಔಷಧ.

ಲಾಸೆಗ್ ಕಂಡ ಎರಡು ಉಪಾಯಗಳನ್ನು ಬಿಟ್ಟು ಮೂರನೆಯದೊಂದುಂಟು. 1987ರಲ್ಲಿ ಲಂಡನ್ನಿನ ಮಾಡ್ಸ್ಲೆ ಆಸ್ಪತ್ರೆಯವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಎಳೆವಯಸ್ಸಿನಲ್ಲಿ ರೋಗ ಹತ್ತಿ ಮೂರು ವರ್ಷಕ್ಕಿಂತ ಕಡಮೆಯಾಗಿದ್ದವರಿಗೆ, ಮನೆಯವರನ್ನೇ ಜೊತೆಗಿಟ್ಟುಕೊಂಡು ಮಾಡಿದ ಚಿಕಿತ್ಸೆ ಹೆಚ್ಚು ಫಲಕೊಟ್ಟಿತು. ಮಗಳನ್ನೂ ರೋಗವನ್ನೂ ಬೇರೆಬೇರೆಯಾಗಿ ಕಾಣುವುದು ಅದರ ತಿರುಳು. "ಯಾಕ ಹಠಾ ಮಾಡ್ತಿ?" ಎಂದರೆ ತಾಯಿಯೂ ದನಿಯೊಡನೆ ಕೂಡಿ ಮಗಳನ್ನೇ ಬೈದಂತಾಗುತ್ತದೆ. "ಆ ದನಿ ಈಗೂ ಮಾತಾಡಾಕತ್ತೈತೇನವ್ವಾ? ಅದು ಏನರ ಅನ್ನಲಿ, ನಾ ನಿನ್ನ ಕೂಡ ಕೂಡ್ತೀನಿ, ಇಬ್ರೂ ಉಣ್ಣೂಣು" ಎಂದರೆ ತಾಯಿ ಮಗಳ ಪಕ್ಷಕ್ಕೆ ಬಂದಳು. ಗಂಗಾಳವನ್ನು ಹಿಂದಕ್ಕೆ ಒಯ್ಯುವುದಿಲ್ಲ, ತೂಕದ ಸುದ್ದಿಯೆತ್ತುವುದಿಲ್ಲ, ಮೈಯ ಬಣ್ಣ ಗಾತ್ರಗಳ ಬಗ್ಗೆ ಬಂಧುಗಳು ಆಡುವ ವಿನೋದಕ್ಕೆ ಎಡೆಗೊಡುವುದಿಲ್ಲ.

ವಿಜಯಪುರದ ಜಿಲ್ಲಾ ಆಸ್ಪತ್ರೆಗಾಗಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಹೋಗಿ ಮನೋವೈದ್ಯರನ್ನು ಕಾಣಬಹುದು. ಊರು ದೂರ, ಸಂಕೋಚ ಹೆಚ್ಚು ಎನ್ನುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಉಂಟು. 14416ಕ್ಕೆ ಕರೆಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು.

ಗುಣವಾಗುವುದೆಂದರೆ ದನಿ ಪೂರ್ತಿ ಅಡಗುವುದೆಂದು ಭಾವಿಸಿ ಮನೆಯವರು ಧೃತಿಗೆಡಬಾರದು. ಚೇತರಿಸಿಕೊಂಡವರಲ್ಲಿಯೂ ಕೆಲವರಿಗೆ ಅದು ಕಷ್ಟದ ದಿನಗಳಲ್ಲಿ ಮೆಲ್ಲಗೆ ಕೇಳಿಸುವುದುಂಟು. ಐದು ಮೆಟ್ಟಿಲುಗಳ ಆ ಅಳತೆಯಲ್ಲಿ "ದನಿಯೇ ನನಗಿಂತ ಬಹಳ ಮೇಲು" ಎಂದು ಗುರುತು ಹಾಕಿದ್ದವಳು, ಕೆಲವು ತಿಂಗಳುಗಳ ಮೇಲೆ "ಇಬ್ಬರೂ ಸಮ" ಎಂದು ಹಾಕಿದರೆ, ತಕ್ಕಡಿಯ ಮುಳ್ಳು ಹೆಚ್ಚು ಕದಲದಿದ್ದರೂ ಆ ಮನೆಯಲ್ಲಿ ಸಂತೋಷಪಡಲು ಕಾರಣವುಂಟು.